ಹಿಮ ಸುರಿಯುವ ದಿನ ಊರಿನ ಬಸ್ಸು ಓಡಿಸುವ ಬಗೆ

ಭಾರೀ ಹಿಮ ಬಿದ್ದ ದಿನ ಊರಿನ ಬಸ್ ಸೇವೆ ಕುಸಿಯುವುದಕ್ಕೆ ಹಿಮವೊಂದೇ ಕಾರಣವಾಗಿರುವುದು ಅಪರೂಪ. ಎಂದಿನ ವೇಳಾಪಟ್ಟಿಯನ್ನೇ ಹಿಡಿದುಕೊಂಡು ಎಲ್ಲ ಮಾರ್ಗಗಳಿಗೂ ಬಸ್ಸು ಬಿಟ್ಟು, ಬೆಳಗಿನ ಎಂಟು ಗಂಟೆಯ ಹೊತ್ತಿಗೆ ಅರ್ಧದಷ್ಟು ಬಸ್ಸುಗಳು ಏರುರಸ್ತೆಗಳಲ್ಲಿ ಅಡ್ಡಡ್ಡ ನಿಂತ ಮೇಲೆ ಯಾವ ಮಾರ್ಗವನ್ನು ಕೈಬಿಡಬೇಕೆಂದು ತಲೆ ಕೆಡಿಸಿಕೊಳ್ಳುವುದು ಹೆಚ್ಚಿನ ಸಂದರ್ಭಗಳಲ್ಲಿ ನಿಜವಾದ ಕಾರಣ. ಯಾವುದನ್ನು ಓಡಿಸುವುದಿಲ್ಲ ಎಂಬುದನ್ನು ಬಿಸಿಲಿರುವಾಗಲೇ ತೀರ್ಮಾನಿಸಿ ಪ್ರಯಾಣಿಕರಿಗೆ ತಿಳಿಸಿಟ್ಟ ಸೇವೆ, ಹಿಮದ ದಿನ ಸಣ್ಣದಾದರೂ ನಂಬಿಕೆಗೆ ತಕ್ಕದ್ದಾಗಿ ಓಡುತ್ತದೆ. ಈ ಬರಹ ಅಂಥ ಸೇವೆಗಳ ಹೊಣೆ ಹೊತ್ತವರಿಗಾಗಿ. ಪುರಸಭೆಯ ಬಸ್ಸಿರಲಿ, ಶಾಲೆಯದ್ದಿರಲಿ, ಕಂಪನಿಯ ಶಟಲ್ ಇರಲಿ, ಕೆಲಸದ ಕ್ರಮ ಹೆಚ್ಚು ಬದಲಾಗುವುದಿಲ್ಲ.

ಉದಾಹರಣೆಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ನಗರವನ್ನು ತೆಗೆದುಕೊಳ್ಳುತ್ತೇನೆ. ಪಕ್ಕದ ಬೆಲ್ವ್ಯೂ, ರೆಡ್ಮಂಡ್, ಬಾಥೆಲ್‌ಗಳಲ್ಲಿ ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿರುವುದು ಒಂದು ಕಾರಣ. ಊರಿನ ಸ್ವಭಾವ ಅದಕ್ಕಿಂತ ದೊಡ್ಡ ಕಾರಣ. ಮಿನಿಯಾಪೊಲಿಸ್ ಅಥವಾ ಒಟ್ಟಾವಾದಂಥ ಊರುಗಳಿಗೆ ಹಿಮ ನಿತ್ಯದ ಸಂಗತಿ. ಸಿಯಾಟಲ್‌ನಲ್ಲಿ ಅದು ಕೆಲವು ವರ್ಷಗಳಿಗೊಮ್ಮೆ ಮಾತ್ರ ಜೋರಾಗಿ ಬರುತ್ತದೆ, ಊರು ಪೂರ್ತಿ ಗುಡ್ಡಗಳ ಮೇಲಿದೆ, ಮತ್ತು ಅಲ್ಲಿನ ಹಿಮ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ಒದ್ದೆ ಹಿಮ. ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟುವ ಈ ಹಿಮವೇ ಚಾಲಕರಿಗೆ ಅತ್ಯಂತ ಕಷ್ಟದ್ದು. ಹತ್ತು ಡಿಗ್ರಿ ಮೈನಸ್ಸಿನ ಒಣ ಮಂಜುಗಡ್ಡೆಗಿಂತ ಸೊನ್ನೆಯ ಹತ್ತಿರದ, ಮೇಲೆ ನೀರಿನ ಪದರವಿರುವ ಮಂಜುಗಡ್ಡೆ ಹೆಚ್ಚು ಜಾರುತ್ತದೆ.

ಎಲ್ಲಕ್ಕಿಂತ ಮೊದಲು ನಕ್ಷೆ

ಬೇಸಿಗೆ ಮುಗಿದು ಮಳೆ ಶುರುವಾಗುವ ಮುನ್ನ, ಪ್ರತಿ ಮಾರ್ಗದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಎಲ್ಲೆಲ್ಲಿ ಏರಿದೆ, ಎಷ್ಟು ಏರಿದೆ ಎಂದು ಗುರುತು ಹಾಕಿಕೊಳ್ಳಿ. ಕಣ್ಣಂದಾಜು ಸಾಲದು, ಶೇಕಡಾವಾರು ಬರೆದಿಡಿ. ಇದಕ್ಕೊಂದು ಸರಳ ಲೆಕ್ಕವಿದೆ. ಒಣ ಟಾರು ರಸ್ತೆಯಲ್ಲಿ ಟೈರಿಗೂ ನೆಲಕ್ಕೂ ನಡುವಿನ ಘರ್ಷಣೆಯ ಗುಣಾಂಕ, ಅಂದರೆ ಹಿಡಿತದ ಅಳತೆ, ಸುಮಾರು 0.7 ಇದ್ದರೆ, ನುಣ್ಣಗಿನ ಮಂಜುಗಡ್ಡೆಯ ಮೇಲೆ ಅದು 0.1ರ ಆಸುಪಾಸಿಗೆ ಇಳಿಯುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಬಸ್ಸು ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 5 ಮೀಟರಿನೊಳಗೆ ನಿಂತರೆ, ಮಂಜುಗಡ್ಡೆಯ ಮೇಲೆ ನಿಲ್ಲಲು ಸುಮಾರು 35 ಮೀಟರ್ ಬೇಕು. ಇದು ಸಮತಟ್ಟಾದ ರಸ್ತೆಯ ಮಾತು. ನೂರು ಮೀಟರಿಗೆ ಹತ್ತು ಮೀಟರ್ ಇಳಿಯುವ ರಸ್ತೆಯಲ್ಲಿ, ಅಂದರೆ ಶೇಕಡಾ 10ರ ಇಳಿಜಾರಿನಲ್ಲಿ, ಬಸ್ಸನ್ನು ಕೆಳಗೆಳೆಯುವ ಬಲವೂ ಟೈರು ಹಿಡಿದಿಡುವ ಬಲವೂ ಸರಿಸಮವಾಗಿಬಿಡುತ್ತವೆ. ಅಲ್ಲಿ ಚೈನಿಲ್ಲದ, ಅಂದರೆ ಹಿಡಿತಕ್ಕೆಂದು ಟೈರಿನ ಸುತ್ತ ಕಟ್ಟುವ ಸರಪಳಿಯಿಲ್ಲದ, ಬಸ್ಸಿಗೆ ನಿಲ್ಲುವ ದೂರ ಎಂಬುದೇ ಇಲ್ಲ; ಬ್ರೇಕ್ ಒತ್ತಿದರೂ ಅದು ಇಳಿಯುತ್ತಲೇ ಇರುತ್ತದೆ. ಸಿಯಾಟಲ್‌ನ ಕ್ವೀನ್ ಆ್ಯನ್ ಗುಡ್ಡದ ‘ಕೌಂಟರ್‌ಬ್ಯಾಲೆನ್ಸ್’ ಎಂಬ ರಸ್ತೆಯ ಏರು ಸುಮಾರು ಶೇಕಡಾ 18. ಹಿಂದೆ ಅಲ್ಲಿ ಟ್ರ್ಯಾಮ್ ಹತ್ತಿಸಲು ರಸ್ತೆಯಡಿಯ ಸುರಂಗದಲ್ಲಿ ಪ್ರತಿಭಾರದ ಬಂಡಿಯೊಂದನ್ನು ಕಟ್ಟಿ ಎಳೆಯುತ್ತಿದ್ದರು, ಹೆಸರು ಬಂದದ್ದು ಅದರಿಂದಲೇ.

ಇಂಥ ಏರುಗಳಿರುವ ಪ್ರತಿ ಮಾರ್ಗಕ್ಕೂ ಗುಡ್ಡವನ್ನು ಬಳಸಿಕೊಂಡು ಹೋಗುವ ಒಂದು ಹಿಮಮಾರ್ಗವನ್ನು ಬರೆದಿಡಬೇಕು. ಸಿಯಾಟಲ್ ಮತ್ತು ಸುತ್ತಲ ಪ್ರದೇಶಕ್ಕೆ ಬಸ್ಸು ಓಡಿಸುವ ಕಿಂಗ್ ಕೌಂಟಿ ಮೆಟ್ರೋ ಸಂಸ್ಥೆ ಮಾಡಿಕೊಂಡಿರುವ ವ್ಯವಸ್ಥೆ ಇದೇ: ಮಾರ್ಗದ ಎಂದಿನ ನಕ್ಷೆಯ ಜೊತೆಗೇ ಹಿಮದ ದಿನದ ನಕ್ಷೆಯೂ ಚಳಿಗಾಲಕ್ಕೆ ಮೊದಲೇ ಪ್ರಕಟವಾಗಿರುತ್ತದೆ, ಮತ್ತು ಇಡೀ ಸೇವಾಕ್ಷೇತ್ರವನ್ನು ವಲಯಗಳಾಗಿ ಹಂಚಿಕೊಂಡಿರುವುದರಿಂದ ಒಂದು ಕಡೆ ಹಿಮ, ಇನ್ನೊಂದು ಕಡೆ ಬರಿ ಮಳೆ ಇರುವ ದಿನ ಹಿಮವಿರುವ ವಲಯವನ್ನಷ್ಟೇ ಬದಲಾಯಿಸಬಹುದು.

ಇದರಾಚೆಗೆ ಎರಡನೆಯ ಮೆಟ್ಟಿಲೊಂದು ಬೇಕು. 2008ರ ಡಿಸೆಂಬರಿನ ಹಿಮದಲ್ಲಿ ಸಿಯಾಟಲ್ ಹಲವು ದಿನ ತತ್ತರಿಸಿತು. ಸಮುದ್ರದ ನೀರಿಗೆ ಸೇರುತ್ತದೆ ಎಂಬ ಕಾಳಜಿಯಿಂದ ನಗರಾಡಳಿತ ಆಗ ರಸ್ತೆಗೆ ಉಪ್ಪು ಹಾಕುತ್ತಿರಲಿಲ್ಲ. ಹಿಮವನ್ನು ಒತ್ತಿ ಗಟ್ಟಿಮಾಡಿ ಮೇಲೆ ಮರಳು ಚೆಲ್ಲುವ ಪದ್ಧತಿಯಿತ್ತು. ಆ ತಿಂಗಳ 19ರಂದು ಬಾಡಿಗೆಯ ಎರಡು ಬಸ್ಸುಗಳು ಕ್ಯಾಪಿಟಲ್ ಹಿಲ್‌ನ ಕಡಿದಾದ ಬೀದಿಯಲ್ಲಿ ಜಾರುತ್ತ ಹೋಗಿ ತಡೆಬೇಲಿ ಮುರಿದು ನಿಂತವು. ಅವುಗಳಲ್ಲೊಂದರ ಮುಂಭಾಗ ಕೆಳಗಿನ ಹೆದ್ದಾರಿಯ ಮೇಲೆ ಗಾಳಿಯಲ್ಲಿ ತೂಗುತ್ತಿದ್ದ ದೃಶ್ಯವನ್ನು ಆ ಊರಿನವರು ಇನ್ನೂ ಮರೆತಿಲ್ಲ. ಆ ಚಳಿಗಾಲದ ಪಾಠದಿಂದ ಮೆಟ್ರೋ ‘ತುರ್ತು ಹಿಮ ಜಾಲ’ ಎಂಬುದನ್ನು ರೂಪಿಸಿತು: ಹಿಮ ಮಿತಿಮೀರಿದರೆ ಎಲ್ಲ ಮಾರ್ಗಗಳನ್ನೂ ಅರ್ಧಂಬರ್ಧ ನಡೆಸುವ ಬದಲು, ಆಸ್ಪತ್ರೆ, ದೊಡ್ಡ ನಿಲ್ದಾಣ ಮತ್ತು ಜನನಿಬಿಡ ಬಡಾವಣೆಗಳನ್ನು ಕೂಡಿಸುವ ಆಯ್ದ ಮಾರ್ಗಗಳನ್ನು ಮಾತ್ರ ಓಡಿಸಿ ಉಳಿದವನ್ನು ಪೂರ್ತಿ ನಿಲ್ಲಿಸುವುದು. ಅದನ್ನು ಮೊದಲ ಬಾರಿಗೆ ಜಾರಿಗೆ ತಂದದ್ದು 2019ರ ಫೆಬ್ರವರಿಯಲ್ಲಿ. ಆ ಒಂದೇ ತಿಂಗಳಲ್ಲಿ ಅಲ್ಲಿನ ವಿಮಾನ ನಿಲ್ದಾಣದಲ್ಲಿ ಸುಮಾರು 20 ಇಂಚು ಹಿಮ ದಾಖಲಾಯಿತು.

ಸಣ್ಣ ಸೇವೆಯವರು ಇದನ್ನೇ ಮೂರು ಹಾಳೆಗಳಲ್ಲಿ ಮಾಡಿಕೊಳ್ಳಬಹುದು. ಮೊದಲ ಹಾಳೆಯಲ್ಲಿ ಎಂದಿನ ಮಾರ್ಗ, ಎರಡನೆಯದರಲ್ಲಿ ಗುಡ್ಡ ಬಳಸುವ ಮಾರ್ಗ, ಮೂರನೆಯದರಲ್ಲಿ ಏನೇ ಆದರೂ ಓಡಲೇಬೇಕಾದ ಒಂದೋ ಎರಡೋ ಮಾರ್ಗ. ಮೂರನೆಯ ಹಾಳೆ ಬರೆಯುವಾಗ ಎಲ್ಲರೂ ತಮ್ಮ ಬೀದಿಯನ್ನು ಸೇರಿಸಿ ಎನ್ನುತ್ತಾರೆ. ಅಲ್ಲಿ ಮೆತ್ತಗಾದರೆ ಆ ಹಾಳೆಗೆ ಅರ್ಥ ಉಳಿಯುವುದಿಲ್ಲ. ನಕ್ಷೆ ಸಿದ್ಧವಾದೊಡನೆ ರಸ್ತೆ ಇಲಾಖೆಯವರೊಡನೆ ಕುಳಿತು, ಹಿಮ ತಳ್ಳುವ ವಾಹನಗಳು ಮೊದಲು ತೆರವು ಮಾಡುವ ರಸ್ತೆಗಳೂ ನಿಮ್ಮ ಹಿಮಮಾರ್ಗಗಳೂ ಒಂದೇ ಆಗುವಂತೆ ನೋಡಿಕೊಳ್ಳಿ. ಡಿಪೋದ ಗೇಟಿನ ಮುಂದಿನ ರಸ್ತೆಯನ್ನು ಆ ಪಟ್ಟಿಯಲ್ಲಿ ಸೇರಿಸಲು ಮರೆಯುವವರು ಎಷ್ಟೋ ಮಂದಿ.

ಬಸ್ಸಿನ ತಯಾರಿ

ಉದ್ದದ ಜೋಡಿ ಬಸ್ಸುಗಳನ್ನು, ಬೆಂಗಳೂರಿನವರು ವೆಸ್ಟಿಬ್ಯೂಲ್ ಎಂದು ಕರೆಯುವ ನಡುವೆ ಮಡಚುವ ಬಸ್ಸುಗಳನ್ನು, ಹಿಮದ ದಿನ ಸಾಧ್ಯವಾದಷ್ಟು ಹೊರಗೆ ಬಿಡಬೇಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ ಹಿಂದಿನ ಪೆಟ್ಟಿಗೆಯಲ್ಲಿದ್ದು, ಕಡೆಯ ಗಾಲಿಗಳು ಇಡೀ ಬಸ್ಸನ್ನು ಹಿಂದಿನಿಂದ ನೂಕುತ್ತವೆ. ಮುಂಭಾಗ ಏರಿನಲ್ಲಿ ತಡೆದು ನಿಂತಾಗ ಹಿಂಭಾಗ ನೂಕುತ್ತಲೇ ಇದ್ದರೆ ಬಸ್ಸು ನಡುವೆ ಮಡಚಿಕೊಂಡು ಚಾಕುವಿನಂತೆ ರಸ್ತೆಗೆ ಅಡ್ಡ ಬೀಳುತ್ತದೆ. ನಲವತ್ತು ಅಡಿಯ ಒಂಟಿ ಬಸ್ಸಿನಲ್ಲಿ ಹಿಂದಿನ ಎಂಜಿನ್ನಿನ ಭಾರ ಬಸ್ಸನ್ನು ನಡೆಸುವ ಹಿಂದಿನ ಗಾಲಿಗಳ ಮೇಲೆಯೇ ನೇರವಾಗಿ ಕೂರುವುದರಿಂದ ಹಿಡಿತ ಹೆಚ್ಚು. ಸೀಟು ಕಡಿಮೆಯಾಗುತ್ತದೆ, ನಿಜ. ಆದರೆ ಹಿಮದ ದಿನ ಜನರೂ ಕಡಿಮೆಯೇ ಇರುತ್ತಾರೆ, ಮತ್ತು ಒಂದು ಜೋಡಿ ಬಸ್ಸು ಅಡ್ಡ ಬಿದ್ದರೆ ಅದರ ಹಿಂದಿನ ಹತ್ತು ಬಸ್ಸುಗಳೂ ನಿಂತಂತೆ.

ಚೈನಿನ ವಿಚಾರದಲ್ಲಿ ಎರಡು ಬಗೆಗಳಿವೆ. ಕೈಯಿಂದ ಕಟ್ಟುವ ಚೈನು ಅಗ್ಗ ಮತ್ತು ಆಳದ ಹಿಮದಲ್ಲಿ ಹೆಚ್ಚು ನಂಬಬಹುದಾದದ್ದು. ಗಾಲಿಯ ಬಳಿ ತೂಗುಹಾಕಿದ, ಸ್ವಿಚ್ ಒತ್ತಿದರೆ ಇಳಿದು ಸುತ್ತುತ್ತ ಟೈರಿನಡಿಗೆ ಚೈನಿನ ತುಂಡುಗಳನ್ನು ಎಸೆಯುವ ಸ್ವಯಂಚಾಲಿತ ಬಗೆ ಇನ್ನೊಂದು. ಒಂದು ಬೀದಿ ಮಂಜುಗಡ್ಡೆ, ಮುಂದಿನ ಬೀದಿ ಬರಿ ಟಾರು ಎಂಬಂಥ ದಿನಗಳಿಗೆ ಎರಡನೆಯದು ಹೇಳಿ ಮಾಡಿಸಿದಂತಿದೆ, ಆದರೆ ಅರ್ಧ ಅಡಿಗೂ ಮೀರಿದ ಹಿಮದಲ್ಲಿ ಅದರ ಆಟ ನಡೆಯುವುದಿಲ್ಲ. ಯಾವ ಬಗೆಯದಾದರೂ ವೇಗವನ್ನು ಗಂಟೆಗೆ 50 ಕಿ.ಮೀ. ಒಳಗೇ ಇಡಬೇಕು.

ಕೈಚೈನು ಕಟ್ಟುವುದನ್ನು ಒಣ ನೆಲದ ಮೇಲೆ, ಹಗಲಿನಲ್ಲಿ, ಗಡಿಯಾರ ಹಿಡಿದು ಅಭ್ಯಾಸ ಮಾಡಿಸಿ. ಚೈನನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಯಾವ ಕೊಂಡಿಯೂ ತಿರುಚಿಕೊಂಡಿಲ್ಲವೆಂದು ಬೆರಳಾಡಿಸಿ ನೋಡಬೇಕು. ಅಡ್ಡಕೊಂಡಿಗಳ ತುದಿಯ ಕೊಕ್ಕೆಗಳ ಬಾಯಿ ಹೊರಗೆ ನೋಡುತ್ತಿರಬೇಕು. ಒಳಗೆ ನೋಡಿದರೆ ಕೆಲವೇ ಕಿಲೋಮೀಟರಿನಲ್ಲಿ ಟೈರಿನ ಪಕ್ಕವನ್ನು ಕೊರೆದುಬಿಡುತ್ತವೆ. ಟೈರಿನ ಮೇಲೆ ಹೊದಿಸಿ, ಬಸ್ಸನ್ನು ಅರ್ಧ ಸುತ್ತು ಮುಂದೆ ತಂದು, ಮೊದಲು ಒಳಬದಿಯ ಕೊಂಡಿ, ಬಳಿಕ ಹೊರಬದಿಯದ್ದು ಹಾಕಿ ಬಿಗಿಯಬೇಕು. ಒಂದು ಕಿಲೋಮೀಟರ್ ಓಡಿಸಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯದಿದ್ದರೆ ಸಡಿಲ ತುದಿ ಗಾಲಿಯ ಗೂಡಿಗೆ ಚಾಟಿಯಂತೆ ಬಡಿದು ಬ್ರೇಕಿನ ಗಾಳಿ ಕೊಳವೆಯನ್ನೇ ಕತ್ತರಿಸಬಹುದು. ಬೆರಳು ಮರಗಟ್ಟಿದ ನಸುಕಿನಲ್ಲಿ ಇದನ್ನು ಮೊದಲ ಬಾರಿ ಕಲಿಯುವವನ ಪಾಡು ಯಾರಿಗೂ ಬೇಡ.

ಗಾಳಿ ಬ್ರೇಕಿನ ಬಸ್ಸುಗಳಲ್ಲಿ ಕಣ್ಣಿಗೆ ಕಾಣದ ಶತ್ರು ಏರ್ ಟ್ಯಾಂಕಿನೊಳಗಿನ ನೀರು. ಸಂಕುಚಿತ ಗಾಳಿಯ ಜೊತೆ ಬಂದ ತೇವ ಕೊಳವೆಗಳಲ್ಲಿ ಹೆಪ್ಪುಗಟ್ಟಿದರೆ ಬ್ರೇಕ್ ಹಿಡಿಯದೆ ಹೋಗಬಹುದು, ಹಿಡಿದದ್ದು ಬಿಡದೆಯೂ ಹೋಗಬಹುದು. ಚಳಿಗಾಲಕ್ಕೆ ಮುನ್ನ, ಗಾಳಿಯ ತೇವ ಹೀರುವ ಏರ್ ಡ್ರೈಯರಿನ ಒಳತಿರುಳನ್ನು ಬದಲಿಸಿ, ಟ್ಯಾಂಕುಗಳನ್ನು ದಿನವೂ ಬಸಿಯಿರಿ. ಡೀಸೆಲ್ ಚಳಿಯಲ್ಲಿ ಮೇಣಗಟ್ಟಿ ಫಿಲ್ಟರನ್ನು ಮುಚ್ಚುತ್ತದೆ. ಇದೇ ಕಾರಣಕ್ಕೆ ಲಡಾಖಿನ ಬಳಕೆಗೆಂದು ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಚಳಿಗಾಲದ ಡೀಸೆಲ್ ತಂದಿತು. ನಿಮ್ಮ ಊರಿನಲ್ಲೂ ಚಳಿಗಾಲದ ಡೀಸೆಲ್ಲನ್ನೇ ಕೇಳಿ ತುಂಬಿಸಿ, ಸಂಜೆ ಡಿಪೋಗೆ ಬಂದೊಡನೆ ಟ್ಯಾಂಕು ಭರ್ತಿ ಮಾಡಿ. ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರಾವಣ ಮೈನಸ್ 11 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆಂಬುದೂ ನೆನಪಿರಲಿ. ಬ್ಯಾಟರಿ ಬಸ್ಸುಗಳಿದ್ದರೆ, ಒಳಗಿನ ಹೀಟರ್ ತಿನ್ನುವ ವಿದ್ಯುತ್ತನ್ನು ಲೆಕ್ಕ ಹಿಡಿದು ಸುತ್ತುವಳಿಗಳನ್ನು ಕಡಿಮೆ ಮಾಡಿ. ಬಾಗಿಲಿನ ರಬ್ಬರಿಗೆ ಸಿಲಿಕೋನ್ ಹಚ್ಚಿಡಿ, ಇಲ್ಲವಾದರೆ ಮೊದಲ ನಿಲ್ದಾಣದಲ್ಲೇ ಬಾಗಿಲು ಅಂಟಿಕೊಳ್ಳುತ್ತದೆ.

ಮುನ್ನಾದಿನ

ತೀರ್ಮಾನದ ಹೊತ್ತು ಮುನ್ನಾದಿನದ ಮಧ್ಯಾಹ್ನ, ಮುಂಜಾವಲ್ಲ. ಹವಾಮಾನ ಇಲಾಖೆಯ ಸೂಚನೆ ನೋಡಿ ಮೂರು ಹಾಳೆಗಳಲ್ಲಿ ಯಾವುದು ನಾಳೆಯದ್ದು ಎಂದು ಒಬ್ಬರೇ ನಿರ್ಧರಿಸಲಿ, ಆ ಒಬ್ಬರು ಯಾರೆಂಬುದು ಎಲ್ಲರಿಗೂ ಗೊತ್ತಿರಲಿ. ಸೂಚನೆ ತಪ್ಪಿ ಬಿಸಿಲು ಬಂದರೆ ಬೈಗುಳ ತಿನ್ನಬೇಕಾಗುತ್ತದೆ. ತಿನ್ನಿ. ಬಸ್ಸು ಬೇಲಿ ಮುರಿದ ದಿನ ಸಿಗುವ ಬೈಗುಳಕ್ಕಿಂತ ಅದು ಹಗುರ.

ಚಾಲಕರು ಡಿಪೋ ತಲುಪುವುದು ಹೇಗೆಂದು ಯೋಚಿಸುವವರು ಕಡಿಮೆ. ಬಸ್ಸು ಸಿದ್ಧ, ಮಾರ್ಗ ಸಿದ್ಧ, ಆದರೆ ಚಾಲಕರ ಕಾರು ಅವರವರ ಮನೆಯ ಅಂಗಳದಲ್ಲೇ ಹೂತುಹೋಗಿರುತ್ತದೆ. ಮುಂಜಾವಿನ ಪಾಳಿಯವರಿಗೆ ಡಿಪೋದಲ್ಲಿ ಅಥವಾ ಹತ್ತಿರದ ವಸತಿಗೃಹದಲ್ಲಿ ಮಲಗುವ ವ್ಯವಸ್ಥೆ ಮಾಡಿ, ಬಿಸಿಯೂಟ ಕೊಡಿ. ಗುಡ್ಡದ ಮಾರ್ಗಗಳಿಗೆ ಅನುಭವಿಗಳನ್ನೇ ಹಾಕಿ. ಪ್ರತಿ ಬಸ್ಸಿನಲ್ಲಿ ಒಂದು ಸಲಿಕೆ, ಒಂದು ಚೀಲ ಮರಳು, ಟಾರ್ಚು, ಕಂಬಳಿ ಮತ್ತು ಹೊಳೆಯುವ ಜಾಕೆಟ್ಟು ಇರಲಿ. ಉಪ್ಪಿನ ಬಗ್ಗೆ ಒಂದು ಮಾತು: ಸಾಮಾನ್ಯ ಕಲ್ಲುಪ್ಪು ಮೈನಸ್ 9 ಡಿಗ್ರಿಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಂಥ ಚಳಿಯಲ್ಲಿ ಡಿಪೋದ ಅಂಗಳಕ್ಕೆ ಮರಳೇ ಗತಿ. ಅದು ಕರಗಿಸದಿದ್ದರೂ ಹಿಡಿತ ಕೊಡುತ್ತದೆ.

ರಸ್ತೆಯ ಮೇಲೆ

ನಮ್ಮ ಘಾಟಿಗಳಲ್ಲಿ ಬಸ್ಸು ಓಡಿಸಿದವರಿಗೆ ಒಂದು ಪಾಠ ಚೆನ್ನಾಗಿ ಗೊತ್ತು: ಏರಿದ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನು ಕಾಯಿಸಬಾರದು. ಹಿಮದಲ್ಲಿ ಈ ಪಾಠದ ಅರ್ಧ ಮಾತ್ರ ಸರಿ. ಇಳಿಯುವ ಮೊದಲೇ ಕೆಳಗಿನ ಗೇರು ಹಾಕಿಕೊಳ್ಳುವುದು ಸರಿ. ಆದರೆ ಇಳಿಜಾರಿನ ನಡುವೆ ಗೇರು ಇಳಿಸುವುದು, ಬ್ರೇಕ್ ಒತ್ತದೆಯೇ ಬಸ್ಸಿನ ವೇಗ ತಗ್ಗಿಸುವ ರಿಟಾರ್ಡರ್ ಅಥವಾ ಎಕ್ಸಾಸ್ಟ್ ಬ್ರೇಕನ್ನು ನೆಚ್ಚುವುದು ಅಪಾಯ. ಇವೆಲ್ಲ ಬಸ್ಸನ್ನು ನಡೆಸುವ ಹಿಂದಿನ ಗಾಲಿಗಳನ್ನು ಮಾತ್ರ ಹಿಡಿಯುತ್ತವೆ, ಮಂಜುಗಡ್ಡೆಯ ಮೇಲೆ ಆ ಗಾಲಿಗಳು ಕಚ್ಚಿಕೊಂಡರೆ ಬಸ್ಸಿನ ಹಿಂಭಾಗ ಮುಂಭಾಗವನ್ನು ಹಿಂದಿಕ್ಕಲು ಹೊರಡುತ್ತದೆ. ಆದ್ದರಿಂದ ಡಿಪೋ ಬಿಡುವಾಗಲೇ ರಿಟಾರ್ಡರ್ ಸ್ವಿಚ್ಚನ್ನು ಬಂದ್ ಮಾಡಿಡುವುದು ವಾಡಿಕೆಯಾಗಲಿ.

ಘಾಟಿಯ ಇನ್ನೊಂದು ಪದ್ಧತಿ ಮಾತ್ರ ಪೂರ್ತಿಯಾಗಿ ಅನ್ವಯಿಸುತ್ತದೆ. ತಿರುವಿನಲ್ಲಿ ಲಾರಿ ಏರುತ್ತಿದ್ದರೆ ಕೆಳಗೆ ಕಾಯುವಂತೆ, ಹಿಮದ ಏರಿನಲ್ಲಿ ಮುಂದಿನ ವಾಹನ ತುದಿ ಮುಟ್ಟುವವರೆಗೂ ಕೆಳಗೇ ಸಮತಟ್ಟಾದ ಜಾಗದಲ್ಲಿ ಕಾಯಬೇಕು. ಏರಿನ ನಡುವೆ ಒಮ್ಮೆ ನಿಂತ ಬಸ್ಸು ಮತ್ತೆ ಹೊರಡುವುದು ಕಷ್ಟ. ಹೊರಡುವಾಗ ಆ್ಯಕ್ಸಿಲರೇಟರನ್ನು ಕಾಲಿನ ಕೆಳಗೆ ಮೊಟ್ಟೆ ಇದ್ದಂತೆ ಒತ್ತಬೇಕು. ಗಾಲಿ ತಿರುಗತೊಡಗಿದರೆ ತಕ್ಷಣ ಬಿಡಬೇಕು, ಯಾಕೆಂದರೆ ತಿರುಗುವ ಗಾಲಿ ಹಿಮವನ್ನು ಉಜ್ಜಿ ಗಾಜು ಮಾಡುತ್ತದೆ. ಸೇತುವೆಗಳ ಅಡಿಯಲ್ಲೂ ಗಾಳಿ ಆಡುವುದರಿಂದ ಉಳಿದ ರಸ್ತೆಗಿಂತ ಮೊದಲು ಅವೇ ಹೆಪ್ಪುಗಟ್ಟುತ್ತವೆ. ಅವುಗಳ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ.

ನಿಯಂತ್ರಣ ಕೊಠಡಿಯವರು ಅಂದು ವೇಳಾಪಟ್ಟಿಯನ್ನು ಪಕ್ಕಕ್ಕಿಟ್ಟು ಬಸ್ಸುಗಳ ನಡುವಿನ ಅಂತರವನ್ನು ಮಾತ್ರ ನೋಡಬೇಕು. ಗಂಟೆಗೆ ನಾಲ್ಕು ಬಸ್ಸು ಬರಬೇಕಾದ ಕಡೆ ನಾಲ್ಕೂ ಒಟ್ಟಿಗೆ ಬಂದರೆ ಒಂದೇ ಬಸ್ಸು ಬಂದಂತೆ. ತಡವಾದ ಚಾಲಕರಿಗೆ ಬೇಗ ಬನ್ನಿ ಎಂದು ರೇಡಿಯೋದಲ್ಲಿ ಹೇಳುವುದಂತೂ ಆ ದಿನ ಬಾಯಿಗೆ ಬರಬಾರದ ಮಾತು.

ನಿಲ್ದಾಣ ಮತ್ತು ಕಾಯುವವರು

ಕೆಲವು ವರ್ಷಗಳ ಹಿಂದೆ ನಾನು ಕೈಜೋಡಿಸಿದ್ದ ಒಂದು ಸಣ್ಣ ಶಟಲ್ ಸೇವೆಯಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿದ್ದೆವು, ಒಂದನ್ನು ಬಿಟ್ಟು. ಗುಡ್ಡದ ಮೇಲಿನ ನಿಲ್ದಾಣವನ್ನು ಕೈಬಿಟ್ಟಿದ್ದೆವು, ಮಿಂಚಂಚೆ ಕಳಿಸಿದ್ದೆವು, ಕಂಬಕ್ಕೆ ಒಂದು ಹಾಳೆ ಅಂಟಿಸಿರಲಿಲ್ಲ. ಮಧ್ಯಾಹ್ನ ಸಲಿಕೆ ಹಿಡಿದು ನಡೆದು ಹೋದಾಗ, ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ಟು ತೊಟ್ಟು, ತಲೆಗೆ ಶಾಲು ಸುತ್ತಿಕೊಂಡ ಹಿರಿಯರೊಬ್ಬರು ಅಲ್ಲಿ ನಿಂತಿದ್ದರು. ಎಷ್ಟು ಹೊತ್ತಾಯಿತಮ್ಮಾ ಎಂದರೆ, “ಬಸ್ಸಿಲ್ಲ ಅಂತ ಬೋರ್ಡೇನೂ ಇರಲಿಲ್ಲವಲ್ಲಪ್ಪ, ಬರುತ್ತೆ ಅಂತ ನಿಂತೆ” ಎಂದರು. ಒಂದು ಗಂಟೆಗೂ ಹೆಚ್ಚಾಗಿತ್ತು. ಅಂದಿನಿಂದ ನಾನು ಯೋಜನೆಯ ಮೊದಲ ಹಾಳೆಯ ಮೊದಲ ಸಾಲಿನಲ್ಲೇ ಬೋರ್ಡು ಎಂದು ಬರೆಯುತ್ತೇನೆ.

ನಿಲ್ಲಿಸಿದ ಪ್ರತಿ ನಿಲ್ದಾಣದ ಕಂಬಕ್ಕೂ, ಇಲ್ಲಿ ಬಸ್ಸು ನಿಲ್ಲುವುದಿಲ್ಲ, ಇಂಥ ಕಡೆಗೆ ಇಷ್ಟು ನಿಮಿಷ ನಡೆಯಿರಿ ಎಂದು ದಪ್ಪ ಅಕ್ಷರದಲ್ಲಿ ಬರೆದು, ನೆನೆಯದಂತೆ ಪ್ಲಾಸ್ಟಿಕ್ ಹೊದಿಸಿ ಕಟ್ಟಿ. ಮೊಬೈಲ್ ಆ್ಯಪನ್ನು ಮಾತ್ರ ನೆಚ್ಚಬೇಡಿ. ಬಸ್ಸು ಬರುವ ಹೊತ್ತನ್ನು ಹೇಳುವ ವ್ಯವಸ್ಥೆಗಳು ಎಂದಿನ ಮಾರ್ಗವನ್ನು ಆಧರಿಸಿ ಲೆಕ್ಕ ಹಾಕುವುದರಿಂದ, ಬಳಸುಮಾರ್ಗ ಹಿಡಿದ ಬಸ್ಸಿನ ಬಗ್ಗೆ ಎರಡು ನಿಮಿಷದಲ್ಲಿ ಬರುತ್ತದೆಂದು ಸುಳ್ಳು ಭರವಸೆ ಕೊಡುತ್ತಲೇ ಇರುತ್ತವೆ. ಆ ದಿನದ ಮಟ್ಟಿಗೆ ಅವನ್ನು ಬಂದ್ ಮಾಡಿಡುವುದೇ ವಾಸಿ.

ಪ್ರಯಾಣಿಕರಿಗೆ ಹೇಳಬೇಕಾದದ್ದು ಹೆಚ್ಚಿಲ್ಲ. ಗುಡ್ಡದ ನಡುವೆ ಕಾಯದೆ ತುದಿಯಲ್ಲೋ ಬುಡದಲ್ಲೋ, ಮುಖ್ಯರಸ್ತೆಯ ಸಮತಟ್ಟಾದ ನಿಲ್ದಾಣದಲ್ಲಿ ಕಾಯಲಿ. ಕಣ್ಣಿಗೆ ಬೀಳುವ ಬಣ್ಣದ ಬಟ್ಟೆ ತೊಡಲಿ. ಬಸ್ಸು ಪೂರ್ತಿ ನಿಲ್ಲುವವರೆಗೂ ರಸ್ತೆಯಂಚಿನಿಂದ ಹಿಂದೆ ನಿಲ್ಲಲಿ, ಏಕೆಂದರೆ ನೀರು ಹರಿಯಲೆಂದು ರಸ್ತೆಯನ್ನು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ, ನಿಧಾನವಾಗಿ ಬರುವ ಬಸ್ಸು ಕೂಡ ಆ ಇಳಿಜಾರಿನಲ್ಲಿ ಪಕ್ಕಕ್ಕೆ ಜಾರಿ ಕಾಯುವವರ ಕಾಲ ಬಳಿಗೆ ಬರುತ್ತದೆ. ಇದೇ ಕಾರಣಕ್ಕೆ ಚಾಲಕರು ಅಂಚಿಗೆ ಒತ್ತಿ ನಿಲ್ಲಿಸದೆ ರಸ್ತೆಯ ನಡುಭಾಗದಲ್ಲೇ ನಿಲ್ಲಿಸಬೇಕು.

ಆದರೆ ಹಾಗೆ ನಿಲ್ಲಿಸಿದಾಗ ಬಸ್ಸಿಗೂ ಕಾಲುದಾರಿಗೂ ನಡುವೆ, ಹಿಮ ತಳ್ಳುವ ವಾಹನ ಬಿಟ್ಟುಹೋದ ಮೊಣಕಾಲುದ್ದದ ದಿಬ್ಬ ಉಳಿಯುತ್ತದೆ. ಗಾಲಿಕುರ್ಚಿಯವರಿಗೆ, ಮಗುವಿನ ಗಾಡಿ ತಳ್ಳುವವರಿಗೆ, ವಯಸ್ಸಾದವರಿಗೆ ಅದು ಗೋಡೆಯೇ. ಮೂರನೆಯ ಹಾಳೆಯಲ್ಲಿರುವ ನಿಲ್ದಾಣಗಳಲ್ಲಾದರೂ, ಬಸ್ಸಿನ ಇಳಿಹಲಗೆ ಪೂರ್ತಿ ಮಲಗುವಷ್ಟು ಅಗಲದ ದಾರಿಯನ್ನು ಕಡಿದು ಮರಳು ಹಾಕುವ ಕೆಲಸವನ್ನು ಹೆಸರು ಹಿಡಿದು ಯಾರಿಗಾದರೂ ವಹಿಸಿ. ವಾಹನ ಮತ್ತೆ ಬಂದರೆ ದಿಬ್ಬವೂ ಮತ್ತೆ ಬರುತ್ತದೆ, ಹಾಗಾಗಿ ಇದು ದಿನಕ್ಕೊಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ಹಿಮ ನಿಂತ ಮೇಲೆ

ಆಕಾಶ ತಿಳಿಯಾದೊಡನೆ ಎಲ್ಲವನ್ನೂ ಮೊದಲಿನಂತೆ ಮಾಡಿ ಎಂಬ ಒತ್ತಡ ಬರುತ್ತದೆ. ತಿಳಿಯಾದ ಆಕಾಶದ ರಾತ್ರಿಯೇ ಹೆಚ್ಚು ಚಳಿ, ಹಗಲು ಕರಗಿದ ನೀರು ನಸುಕಿನಲ್ಲಿ ರಸ್ತೆಯ ಬಣ್ಣದಲ್ಲೇ ಕಾಣುವ ತೆಳು ಮಂಜುಗಡ್ಡೆಯಾಗಿ ಮಲಗಿರುತ್ತದೆ. ಮೇಲ್ವಿಚಾರಕರೊಬ್ಬರು ಖಾಲಿ ಬಸ್ಸಿನಲ್ಲಿ ಪ್ರತಿ ಏರನ್ನೂ ಹತ್ತಿ ಇಳಿದು ಸರಿ ಎಂದ ಮೇಲೆಯೇ ಆ ಮಾರ್ಗವನ್ನು ತೆರೆಯಿರಿ, ಒಂದೊಂದೇ ವಲಯವಾಗಿ. ಬರಿ ಟಾರು ಕಂಡೊಡನೆ ಚೈನು ಬಿಚ್ಚಿಸಿ. ಒಣ ರಸ್ತೆಯಲ್ಲಿ ಅದು ತನ್ನನ್ನೂ ಸವೆಸಿಕೊಂಡು ಟೈರನ್ನೂ ಸವೆಸುತ್ತದೆ. ಉಪ್ಪಿನ ರಸ್ತೆಯಲ್ಲಿ ಓಡಿದ ಪ್ರತಿ ಬಸ್ಸಿನ ಅಡಿಭಾಗವನ್ನು ಬಿಸಿನೀರಿನಿಂದ ತೊಳೆಸಿ ಒಣಗಿಸಬೇಕು, ವಿಶೇಷವಾಗಿ ವಿದ್ಯುತ್ ಕೊಂಡಿಗಳು ಮತ್ತು ಬ್ರೇಕಿನ ಕೊಳವೆಗಳಿರುವ ಕಡೆ.

ಮಾರ್ಗ ತೆರೆದ ದಿನವೇ ಕಂಬದ ಬೋರ್ಡುಗಳನ್ನೂ ಬಿಚ್ಚಿ ತನ್ನಿ, ಎಣಿಸಿ ಇಡಿ. ಒಂದು ಉಳಿದರೂ, ಯಾರೋ ಅದನ್ನು ಓದಿ ಜಾರುವ ಗುಡ್ಡವನ್ನು ನಡೆದು ಇಳಿಯುತ್ತಿರುವಾಗ ಅವರ ಪಕ್ಕದಲ್ಲೇ ನಿಮ್ಮ ಬಸ್ಸು ಏರಿ ಹೋಗುತ್ತದೆ.